ಸಹಾಯ ಬೇಕು: ಅವಧಿಗೆ ಮುನ್ನ ಹುಟ್ಟಿದ ಮಗುವಿನ ನರ ತಪಾಸಣೆ ಶಿವಮೊಗ್ಗದ ಸುತ್ತಮುತ್ತ ಎಲ್ಲಿ?

ನಮಸ್ಕಾರ. ನನ್ನ ತಂಗಿಯ ಮಗ 30 ವಾರಕ್ಕೇ ಹುಟ್ಟಿದವನು. ಈಗ ಏಳು ತಿಂಗಳು. ಬೇಗ ಬಂದ ಹತ್ತು ವಾರ ಕಳೆದರೆ ಐದೂ ತುಂಬಿಲ್ಲ. ಹಾಗಾಗಿ "ಇನ್ನೂ ಬೋರಲು ಬಿದ್ದಿಲ್ಲವೇ?" ಎನ್ನುವವರ ಮಾತಿಗೆ ನಾವು ತಲೆ ಕೆಡಿಸಿಕೊಂಡಿಲ್ಲ. ಕಾಡುತ್ತಿರುವುದು ಬೇರೆ. ಬಲಗೈ ಹೆಬ್ಬೆರಳು ಸದಾ ಮುಷ್ಟಿಯೊಳಗೇ ಇರುತ್ತದೆ, ಬಟ್ಟೆ ಬದಲಿಸುವಾಗ ಕಾಲುಗಳು ಕತ್ತರಿಯಂತೆ ಬಿಗಿಯುತ್ತವೆ. ವೈದ್ಯರೊಬ್ಬರು "ವರ್ಷ ತುಂಬಲಿ, ನೋಡೋಣ" ಎಂದರು. ನನಗದು ಒಪ್ಪಿಗೆಯಿಲ್ಲ.

ನಾವು ಹುಡುಕುತ್ತಿರುವುದು ಹ್ಯಾಮರ್‌ಸ್ಮಿತ್ ಎಂಬ ನರ ತಪಾಸಣೆ. ಅದರಲ್ಲಿ ಎರಡು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳ ನೋಟ, ಭಂಗಿ, ಚಲನೆ, ಸ್ನಾಯುಗಳ ಬಿಗಿತ ಎಂದು 26 ಅಂಶ ನೋಡಿ 78ಕ್ಕೆ ಅಂಕ ಕೊಡುತ್ತಾರೆ. ಸೂಜಿ, ಯಂತ್ರ ಏನೂ ಬೇಡ. ಪಳಗಿದ ಕೈ ಬೇಕು, ಅಷ್ಟೇ. ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಇದನ್ನು ಮಾಡುತ್ತಾರೆಯೇ? ನೇರವಾಗಿ ಹೋಗಬಹುದೇ, ಮಕ್ಕಳ ವೈದ್ಯರ ಚೀಟಿ ಬೇಕೇ? ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗುವುದಾದರೆ ಮಕ್ಕಳ ನರರೋಗ ವಿಭಾಗಕ್ಕೆ ಯಾವ ದಿನ ಬರಬೇಕು? ಮಗುವನ್ನು ಕರೆದೊಯ್ದು ಬಂದವರೇ ಹೇಳಿದರೆ ಒಳ್ಳೆಯದು.

ಎಣ್ಣೆ ನೀವಿ ಸರಿಮಾಡುವವರ ವಿಳಾಸ ಮಾತ್ರ ದಯವಿಟ್ಟು ಬೇಡ. ಆ ಸಲಹೆ ನಮ್ಮ ಮನೆಯಲ್ಲೇ ಬೇಕಾದಷ್ಟಿದೆ.