ಬಿಪಿ, ಶುಗರ್ ಔಷಧಿ ಅರ್ಧಕ್ಕೆ ಬಿಡುವವರನ್ನು ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಾನು ಹಳ್ಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ವೈದ್ಯೆ. 30 ದಾಟಿದವರ ತಪಾಸಣೆ ಚೆನ್ನಾಗಿಯೇ ಆಗಿದೆ, ರಿಜಿಸ್ಟರ್ ತುಂಬಾ ಹೆಸರುಗಳಿವೆ. ಆದರೆ ತಿಂಗಳು ತಿಂಗಳು ಮಾತ್ರೆಗೆ ಬರೋರು ಅರ್ಧವೂ ಇಲ್ಲ. ನಿಮ್ಮಲ್ಲಿ ಏನು ಮಾಡಿದ್ದೀರಿ, ದಯವಿಟ್ಟು ತಿಳಿಸಿ.

ಸ್ಟಾಫ್ ನರ್ಸ್, ಚಾಮರಾಜನಗರದ ಕಡೆ: ಡಾಕ್ಟ್ರೇ, ರಿಜಿಸ್ಟರ್ ನೋಡಿದರೆ ಬಂದವರು ಯಾರು ಅಂತ ಗೊತ್ತಾಗುತ್ತದೆ. ಬಾರದವರು ಯಾರು ಅಂತ ಗೊತ್ತಾಗಲ್ಲ. ನಮಗೆ ಬೇಕಾಗಿರೋದು ಅದೇ ಅಲ್ವಾ?

ನಾವು ಒಂದು ಮರದ ಪೆಟ್ಟಿಗೆ ಮಾಡಿಸಿ, ತಾರೀಖಿನ ಪ್ರಕಾರ 31 ಖಾನೆ ಹಾಕಿಸಿದೆವು. ಒಬ್ಬೊಬ್ಬರಿಗೂ ಒಂದು ಕಾರ್ಡ್. ಇವತ್ತು ಬಂದವರ ಕಾರ್ಡಿನಲ್ಲಿ ಬಿಪಿ, ಶುಗರ್, ಕೊಟ್ಟ ಮಾತ್ರೆ ಬರೆದು, ಮುಂದೆ ಬರಬೇಕಾದ ದಿನದ ಖಾನೆಗೆ ಹಾಕುತ್ತೇವೆ. ಸಂಜೆ ಆ ದಿನದ ಖಾನೆಯಲ್ಲಿ ಉಳಿದ ಕಾರ್ಡುಗಳೇ ತಪ್ಪಿಸಿಕೊಂಡವರು. ಒಂದು ವಾರ ಕಾದು ಫೋನ್ ಮಾಡುತ್ತೇವೆ. ಎತ್ತದಿದ್ದರೆ ಆ ಹೆಸರು ಆಶಾ ಅಕ್ಕನ ಕೈಗೆ. ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲೂ ಎಂಟ್ರಿ ಮಾಡುತ್ತೇವೆ, ಆದರೆ ಕರೆಂಟ್ ಹೋದರೂ ನೆಟ್‌ವರ್ಕ್ ಹೋದರೂ ಈ ಪೆಟ್ಟಿಗೆ ಕೆಲಸ ಮಾಡುತ್ತದೆ.

ಫೋನ್‌ನಲ್ಲಿ ಗದರಬೇಡಿ. "ಯಾಕೆ ಬರಲಿಲ್ಲ" ಅಂದರೆ ಸುಮ್ನೆ ಏನೋ ನೆಪ ಹೇಳುತ್ತಾರೆ. "ಮಾತ್ರೆ ಖಾಲಿ ಆಯ್ತಾ, ತಲೆ ಸುತ್ತು ಏನಾದ್ರೂ ಬಂತಾ" ಅಂತ ಕೇಳಿ. ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆಯಿಂದ ಕಾಲು ಊದಿಕೊಂಡಿತು ಅಂತ ಬಿಟ್ಟವರು ನಮ್ಮಲ್ಲಿ ಎಷ್ಟೋ ಜನ. ಡಾಕ್ಟ್ರು ಮಾತ್ರೆ ಬದಲಿಸಿದ ಮೇಲೆ ಮತ್ತೆ ಬರೋಕೆ ಶುರು ಮಾಡಿದರು.

ಸಮುದಾಯ ಆರೋಗ್ಯ ಅಧಿಕಾರಿ, ಯಾದಗಿರಿ: ನಮ್ಮ ಕಷ್ಟ ಗುಳೆ. ಸುಗ್ಗಿ ಮುಗಿದರೆ ಅರ್ಧ ತಾಂಡಾ ಬೆಂಗಳೂರು, ಪುಣೆ, ಮುಂಬೈ ಸೇರಿರುತ್ತದೆ. ಹೊರಡೋ ಮುಂಚೆ ಹೇಳಿ ಹೋಗಿ ಅಂತ ಮೊದಲೇ ಹೇಳಿಡಬೇಕು. ಬಿಪಿ ಹತೋಟಿಯಲ್ಲಿ ಇರುವವರಿಗೆ ನಮ್ಮ ವೈದ್ಯರು 2 ತಿಂಗಳ ಮಾತ್ರೆ ಕೊಡುತ್ತಾರೆ, ಜೊತೆಗೆ ಮಾತ್ರೆಯ ಹೆಸರು, ಡೋಸ್ ಬರೆದ ಚೀಟಿ. ಚೀಟಿಯ ಫೋಟೊ ಮನೆಯ ಹುಡುಗರ ಮೊಬೈಲ್‌ನಲ್ಲಿ ಇರಲಿ. ಬೆಂಗಳೂರಿನಲ್ಲಿ 'ನಮ್ಮ ಕ್ಲಿನಿಕ್' ಅನ್ನೋ ಸರ್ಕಾರಿ ಚಿಕಿತ್ಸಾಲಯದಲ್ಲಿ ಅದನ್ನೇ ತೋರಿಸಬಹುದು. ಇದಕ್ಕೆಲ್ಲ ಸ್ಟಾಕ್ ಇರಬೇಕು, ಔಷಧಿಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವಾಗ ಈ ಲೆಕ್ಕ ಸೇರಿಸಿ. ಮಾತ್ರೆ ಇಲ್ಲ ಅಂತ ಒಂದು ಸಲ ವಾಪಸ್ ಕಳಿಸಿದರೆ ಆ ಮನುಷ್ಯ ಮತ್ತೆ ಬರೋದು ಕಷ್ಟ.

2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯ ಮನೆ ಭೇಟಿಯನ್ನೂ ಬಳಸಿಕೊಳ್ಳಿ. ಹಾಸಿಗೆ ಹಿಡಿದವರಿಗೆ, ಒಂಟಿ ಮುದುಕಿಯರಿಗೆ ಅದೇ ದೊಡ್ಡ ಆಸರೆ.

ವೈದ್ಯ, ಮಲೆನಾಡು: ಔಷಧಿಯ ಪಟ್ಟಿ ಚಿಕ್ಕದಿರಲಿ. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಜೀವಾಳವೇ ಅದು: ಎಲ್ಲರಿಗೂ ಒಂದೇ ಮೆಟ್ಟಿಲು. ಅಮ್ಲೋಡಿಪಿನ್ 5 ಮಿ.ಗ್ರಾಂ ಕೊಟ್ಟೂ ಬಿಪಿ 140/90ರ ಕೆಳಗೆ ಇಳಿಯದಿದ್ದರೆ ಟೆಲ್ಮಿಸಾರ್ಟನ್ 40 ಸೇರಿಸೋದು, ಹೀಗೆ. ವೈದ್ಯರು ವರ್ಗವಾದರೂ ರೋಗಿಯ ಮಾತ್ರೆ ಅದಲುಬದಲಾಗಲ್ಲ.

ಇನ್ನೊಂದು ಮಾತು. ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಾ ಅಂದರೆ ಜನ ಬಿಪಿ ಮಾತ್ರೆಯನ್ನೂ ನುಂಗದೆ ಬರುತ್ತಾರೆ. ಬಿಪಿ ಏರಿರುತ್ತದೆ, ನಾವು ಡೋಸ್ ಏರಿಸಿಬಿಡುತ್ತೇವೆ. "ಇವತ್ತಿನ ಮಾತ್ರೆ ತಗೊಂಡ್ರಾ?" ಅಂತ ಕೇಳದೆ ಪೆನ್ ಎತ್ತಬೇಡಿ. ಗ್ಲಿಮಿಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಳ್ಳುವವರಿಗೆ ಏಕಾದಶಿ, ರಂಜಾನ್ ಉಪವಾಸದ ಬಗ್ಗೆ ಮುಂಚೆಯೇ ಮಾತಾಡಿ, ಶುಗರ್ ಏಕಾಏಕಿ ಕುಸಿಯಬಹುದು. ವರ್ಷಕ್ಕೊಮ್ಮೆಯಾದರೂ ಚಪ್ಪಲಿ ಬಿಚ್ಚಿಸಿ ಪಾದ ನೋಡಿ, ಕಣ್ಣಿನ ಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆಗೆ ಕಳಿಸಿ.

ರೋಗಿಯ ಮಗಳು, ಮಂಡ್ಯ: ನಾನು ಡಾಕ್ಟರ್ ಅಲ್ಲ, ಅಮ್ಮನನ್ನು ಕರ್ಕೊಂಡು ಹೋಗುವವಳು. ಜ್ವರದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಒಂದು ದಿನದ ಕೂಲಿ ಹೋಗುತ್ತದೆ. ವಾರದಲ್ಲಿ ಒಂದು ದಿನ ಬಿಪಿ, ಶುಗರ್‌ಗೆ ಅಂತಲೇ ಇಡಿ, ಊರಿಗೆ ಬಸ್ ಬರೋ ಹೊತ್ತು ನೋಡಿ ಸಮಯ ಗೊತ್ತುಮಾಡಿ. ರಕ್ತ ಕೊಟ್ಟ ತಕ್ಷಣ ತಿಂಡಿ ತಿನ್ನೋಕೆ ಬಿಡಿ. ಸಂತೆಯ ದಿನವೇ ಆದರೆ ಇನ್ನೂ ಒಳ್ಳೆಯದು, ಹೇಗೂ ಎಲ್ಲರೂ ಬಂದೇ ಬರುತ್ತಾರೆ.