ಹೊಸ ಫ್ಲ್ಯಾಟ್‌ನಲ್ಲಿ ನೀರು ಸೋರಿಕೆ, ಏನು ಮಾಡೋದು?

ಪ್ರಶ್ನೆ: ಬೆಂಗಳೂರಿನಲ್ಲಿ ಬಿಲ್ಡರ್ ಹತ್ತಿರ ಹೊಸ ಫ್ಲ್ಯಾಟ್ ತಗೊಂಡೆವು. ಗೃಹಪ್ರವೇಶ ಈಗಷ್ಟೇ ಮುಗಿದಿದೆ. ಬಾತ್‌ರೂಮ್ ಪಕ್ಕದ ಗೋಡೆಯಲ್ಲಿ ಪೇಂಟ್ ಉಬ್ಬಿ ಬಿಳಿ ಪುಡಿ ಉದುರುತ್ತಿದೆ. ಹಾಲ್‌ನ ಕೆಲವು ಟೈಲ್ಸ್ ತಟ್ಟಿದರೆ ಟೊಳ್ಳು ಶಬ್ದ. ಫೋನ್ ಮಾಡಿದರೆ "ಕಳಿಸ್ತೀವಿ ಸರ್" ಅಂತಾರೆ, ಯಾರೂ ಬರೋದಿಲ್ಲ. ನಾವೇ ಮಾಡಿಸಿಬಿಡೋದಾ?

ಯಲಹಂಕದಿಂದ: ಈಗಲೇ ನೀವು ಕೈ ಹಾಕಬೇಡಿ. ಒಂದು ಟೈಲ್ ಒಡೆಸಿದರೂ "ನಿಮ್ಮ ಕೆಲಸದವರೇ ಹಾಳು ಮಾಡಿದ್ದು" ಅಂದುಬಿಡುತ್ತಾರೆ. ನಮ್ಮ ಮೇಲಿನ ಮನೆಯವರಿಗೆ ಹಾಗೇ ಆಯಿತು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ನೋಡಿ. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲೋ ಕೆಲಸದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿ ಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಫೋನ್ ಬಿಡಿ, ಫೋಟೋ ಹಾಕಿ ಇಮೇಲ್ ಮಾಡಿ. ಅದನ್ನೇ ಪ್ರಿಂಟ್ ತೆಗೆದು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ.

ಆ ಬಿಳಿ ಪುಡಿ ಉಪ್ಪು. ಇಟ್ಟಿಗೆ, ಸಿಮೆಂಟಿನ ಉಪ್ಪು ನೀರಿನ ಜೊತೆ ಹೊರಗೆ ಬಂದು, ನೀರು ಆರಿದ ಮೇಲೆ ಗೋಡೆಯಲ್ಲೇ ಉಳಿಯುತ್ತದೆ. ಬಿಲ್ಡರ್ ಕಡೆಯವರು ಬಂದು ಪುಟ್ಟಿ ಬಳಿದು ಪೇಂಟ್ ಹೊಡೆಯುತ್ತೇವೆ ಅಂದರೆ ಒಪ್ಪಬೇಡಿ, ಮಳೆಗಾಲ ಬರುವಷ್ಟರಲ್ಲಿ ಮತ್ತೆ ಏಳುತ್ತದೆ. ನೀರು ಎಲ್ಲಿಂದ ಬರುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು. ನಮ್ಮಲ್ಲಿ ಬಿಲ್ಡರ್‌ನ ಸೈಟ್ ಇಂಜಿನಿಯರ್ ಎದುರಿಗೇ ನಹಾನಿ ಟ್ರ್ಯಾಪ್‌ನ (ಬಾತ್‌ರೂಮ್ ನೆಲದಲ್ಲಿ ನೀರು ಹೋಗುವ ಕಿಂಡಿ) ಬಾಯಿಗೆ ಬಟ್ಟೆ ಗಿಡಿದು, ಹೊಸ್ತಿಲು ದಾಟದಷ್ಟು ನೀರು ನಿಲ್ಲಿಸಿದೆವು. ಗೋಡೆಯ ಟೈಲ್ಸ್ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಟ್ಟೆವು. ಮಾರನೇ ದಿನ ನೀರು ಗೆರೆಯಿಂದ ಚೆನ್ನಾಗಿ ಇಳಿದಿತ್ತು. ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಟ್ರ್ಯಾಪ್ ಪೈಪಿನ ಸುತ್ತ ದುಂಡಗೆ ತೇವ. ಆಮೇಲೆ ವಾದಕ್ಕೆ ಜಾಗವೇ ಇರಲಿಲ್ಲ. ಅಲ್ಲಿ ಒಡೆದು ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿದರು. ಯಾರಾದರೂ ಬಂದು ನೋಡಿ ಹೋದರೆ, ಅವತ್ತು ಸಂಜೆಯೇ "ಇವತ್ತು ಬಂದು ಇಂತಿಂಥದ್ದು ನೋಡಿದ್ದೀರಿ" ಅಂತ ಒಂದು ಮೇಲ್ ಹಾಕಿಬಿಡಿ.

ಮೈಸೂರಿನಿಂದ: ಟೈಲ್ಸ್ ಬಗ್ಗೆ ಮಾತ್ರ ಹೇಳುತ್ತೇನೆ. ನಾಣ್ಯದಲ್ಲಿ ಒಂದೊಂದನ್ನೂ ತಟ್ಟಿ, ಟೊಳ್ಳಿರುವ ಕಡೆಯೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ ಫೋಟೋ ತೆಗೆಯಿರಿ. ಅದರ ಮೇಲೆ ಬೀರು, ಫ್ರಿಜ್ ಇಡಬೇಡಿ, ಕೆಳಗೆ ಗಾರೆ ಸರಿಯಾಗಿ ಹಿಡಿದಿರೋದಿಲ್ಲ. ಬದಲಿಸುವಾಗ ಅದೇ ಬ್ಯಾಚಿನದ್ದೇ ಕೇಳಿ. ಬೇರೆ ಬ್ಯಾಚ್ ಆದರೆ ಬಣ್ಣ ಎದ್ದು ಕಾಣುತ್ತದೆ.

ಹುಬ್ಬಳ್ಳಿಯಿಂದ: ಸೆಕೆಂಡ್ ಹ್ಯಾಂಡ್ ಮನೆ ತಗೊಂಡವರಿಗೂ ದಾರಿ ಇದೆ. ಆ 5 ವರ್ಷ ಮುಗಿದಿಲ್ಲ ಅಂದರೆ ಬಿಲ್ಡರ್‌ಗೇ ಬರೆಯಿರಿ, ಮೊದಲ ಮಾಲೀಕರಿಂದ ಕೊಂಡವರನ್ನೂ ರೇರಾ ಲೆಕ್ಕಕ್ಕೆ ತಗೊಳ್ಳುತ್ತದೆ. ಮುಗಿದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಇದೆ. ತಮಗೆ ಗೊತ್ತಿದ್ದು, ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ಅವರಿಗೆ ಗೊತ್ತಿತ್ತು ಅಂತ ತೋರಿಸೋದೇ ಕಷ್ಟ. ನಮಗೆ ಅಸೋಸಿಯೇಷನ್‌ನ ಕಂಪ್ಲೇಂಟ್ ಪುಸ್ತಕ ಕೈ ಹಿಡಿಯಿತು. ಹಳೇ ಮಾಲೀಕರು ಅದೇ ಸೋರಿಕೆ ಬಗ್ಗೆ ಸಹಿ ಹಾಕಿ ಬರೆದಿದ್ದರು. ಅದರ ಫೋಟೋ ಕಳಿಸಿದ ಮೇಲೆ ರಿಪೇರಿಯ ಅರ್ಧ ಖರ್ಚು ಕೊಟ್ಟರು.