ಡಕೋಟಾಗೆ ಜೀವ ಬಂತು

"ಈಗಿನ ಹುಡುಗರ ಬಾಯಲ್ಲಿ ಗಾಡಿ ಬಯ್ಯೋಕೆ ಒಂದು ಒಳ್ಳೇ ಪದ ಇಲ್ಲ ಕಣ್ರೋ," ಅಂತ ಮೂರ್ತಿ ಶುರು ಮಾಡಿದ. "ಲೊಟಲೊಟ ಅನ್ನೋ ಬಸ್ಸಿಗೆ ಅವರು ಏನಂತಾರೆ ಗೊತ್ತಾ? ಓಲ್ಡ್ ವೆಹಿಕಲ್! ಅದು ಆರ್‌ಟಿಓ ಫಾರಮ್ಮಿನ ಭಾಷೆ. ನಾವು ಏನಂತಿದ್ವಿ?"

"ಡಕೋಟಾ," ಅಂದೆ ನಾನು.

ಅನ್ನಬಾರದಿತ್ತು. ಎರಡು ಬೈಟು ಕಾಫಿ ಮುಗಿಯುವವರೆಗೂ ಮೂರ್ತಿ ಬಾಯಿ ಮುಚ್ಚಲಿಲ್ಲ. ಡಕೋಟಾ ಬಸ್ಸು, ಡಕೋಟಾ ಸ್ಕೂಟರ್, ಡಕೋಟಾ ಎಕ್ಸ್‌ಪ್ರೆಸ್. ಎಡಗಡೆ ವಾಲಿಸಿ, ಕಿಕ್ ಹೊಡೆದು, ದೇವರ ಹೆಸರು ಹೇಳಿದರೆ ಮಾತ್ರ ಹೊರಡುತ್ತಿದ್ದ ಗಾಡಿಗಳಿಗೆಲ್ಲ ಆ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು! ಅದನ್ನು ಮತ್ತೆ ಜನರ ಬಾಯಿಗೆ ತರಬೇಕು, ನಾವೇ ತರಬೇಕು ಅಂತ ಅವನ ಹಠ.

"ಪದ ಹೋಗಿದ್ದು ಹುಡುಗರ ತಪ್ಪೇನೋ?" ಅಂದಳು ವಸು. "ಈಗ ಸದ್ದು ಮಾಡೋ ಗಾಡಿ ಎಲ್ಲಿದೆ? ಎಲೆಕ್ಟ್ರಿಕ್ ಸ್ಕೂಟರ್ ಹಿಂದೆ ಬಂದಿದ್ದು ಗೊತ್ತಾಗೋದೇ ಅದು ಗುದ್ದಿದ ಮೇಲೆ. ಅದಕ್ಕೆ ಡಕೋಟಾ ಅಂದ್ರೆ ನಗ್ತಾರೆ."

"ನಮ್ಮ ಬೀದಿಗೆ ಬರೋ ಕಸದ ಗಾಡಿ ನೋಡಿಲ್ವಾ ನೀನು?"

"ಅದರ ಹಾಡೇ ಜೋರು. ಇಂಜಿನ್ ಸದ್ದು ಕೇಳೋದೇ ಇಲ್ಲ."

ನಮ್ಮ ಗುಂಪಿನ ವಕೀಲ ಅಲ್ಲಿಯವರೆಗೆ ವಡೆ ತಿನ್ನುತ್ತಿದ್ದ. ಈಗ ಬಾಯಿ ಒರೆಸಿಕೊಂಡು, "ಆ ಪದಾನೇ ಅನ್ಯಾಯದ್ದು" ಅಂದ. "ಡಕೋಟಾ ಅಂದ್ರೆ ವಿಮಾನ ತಾನೆ? ಪಾಪ, ಅದು ಮಾಡಿದ ತಪ್ಪಾದರೂ ಏನು?"

ಮೂರ್ತಿಗೆ ಬೇಕಾಗಿದ್ದೂ ಅದೇ. ವಿಮಾನದ ವಿಷಯ ಬಂದರೆ ಅವನು ಟೇಕಾಫ್ ಆಗುತ್ತಾನೆ, ಲ್ಯಾಂಡಿಂಗ್ ಮಾತ್ರ ದೇವರಿಗೇ ಗೊತ್ತು. ಅಮೆರಿಕದ ಡಗ್ಲಾಸ್ ಕಂಪನಿಯ ಡಿಸಿ-3 ಮೊದಲು ಹಾರಿದ್ದು 1935ರಲ್ಲಂತೆ. ಎರಡನೇ ಮಹಾಯುದ್ಧಕ್ಕೆಂದೇ ಅದನ್ನು ಹತ್ತು ಸಾವಿರಕ್ಕೂ ಜಾಸ್ತಿ ಮಾಡಿದರಂತೆ. ಡಕೋಟಾ ಅಂತ ಹೆಸರಿಟ್ಟವರು ಬ್ರಿಟಿಷ್ ವಾಯುಪಡೆಯವರು. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದೂ ಇದೇ ಡಕೋಟಾ. ಮಹಾಯುದ್ಧ ಮುಗಿದ ಮೇಲೆ ಮಿಕ್ಕ ವಿಮಾನಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ರಿಪೇರಿ ಮಾಡಿ ಮತ್ತೆ ಹಾರಿಸಿದರು. ಜೆಟ್ ಬಂದ ಮೇಲೂ ಇವು ಗಡಗಡ ಅಂತ ಹಾರುತ್ತಲೇ ಇದ್ದವು. ಜನ ಎರಡನ್ನೂ ಹೋಲಿಸಿ ನೋಡಿದರು, ಹೆಸರನ್ನು ತಂದು ಬಸ್ಸಿಗೆ ಅಂಟಿಸಿದರು.

"ಅಂದ್ರೆ ಜಾಸ್ತಿ ದಿನ ದುಡಿದಿದ್ದಕ್ಕೆ ಸಿಕ್ಕಿದ ಬೈಗುಳ," ಅಂದಳು ವಸು. ಅವಳು ಶಾಲೆಯಲ್ಲಿ ಟೀಚರ್. ಅವಳ ದನಿಯಲ್ಲಿ ಸ್ವಲ್ಪ ಸ್ವಂತ ದುಃಖವೂ ಇತ್ತು ಅಂತ ನನ್ನ ಗುಮಾನಿ.

"ಇನ್ನೂ ಇದೆ ಕೇಳು. 2018ರಲ್ಲಿ ನಮ್ಮ ವಾಯುಪಡೆಗೆ ಒಂದು ಹಳೇ ಡಕೋಟಾ ರಿಪೇರಿಯಾಗಿ ವಾಪಸ್ ಬಂತು. ಅದಕ್ಕೆ ಇಟ್ಟ ಹೆಸರು ಪರಶುರಾಮ."

"ಸರಿಯಾಗೇ ಇಟ್ಟಿದ್ದಾರೆ ಬಿಡು, ಚಿರಂಜೀವಿ," ಅಂದ ವಕೀಲ. "ಆದ್ರೆ ನಿಮ್ಮ ಡಕೋಟಾಗಿಂತ ದೊಡ್ಡ ಸಂಕಟದಲ್ಲಿರೋ ಪದ ಒಂದಿದೆ. ಫೋರ್ ಟ್ವೆಂಟಿ."

ನಾವೆಲ್ಲ ಸುಮ್ಮನಾದೆವು. ಹೌದಲ್ಲ! 1860ರ ದಂಡ ಸಂಹಿತೆಯ 420ನೇ ಸೆಕ್ಷನ್. ಕಾನೂನು ಪುಸ್ತಕ ಮುಟ್ಟದವನೂ ಬಾಯಿಪಾಠ ಮಾಡಿದ್ದ ನಂಬರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಮೋಸ ಹೋಗಿ 318ರಲ್ಲಿ ಕೂತಿತು.

"ಹಾಗಾದ್ರೆ ಈಗ ತ್ರೀ ಎಯ್ಟೀನ್ ನನ್ಮಗ ಅನ್ಬೇಕಾ?" ಅಂದೆ.

"ಅಷ್ಟು ಸುಲಭ ಇಲ್ಲ. ಜುಲೈಗಿಂತ ಮುಂಚೆ ಮಾಡಿದ ಮೋಸಕ್ಕೆ ಇವತ್ತಿಗೂ 420ನೇ. ಆಮೇಲೆ ಮಾಡಿದ್ದಕ್ಕೆ 318. ಹಂಗಾಗಿ ಯಾವನಾದ್ರೂ ಟೋಪಿ ಹಾಕಿದ್ರೆ, ಮೊದಲು ತಾರೀಕು ಕೇಳ್ಬೇಕು, ಆಮೇಲೆ ಬಯ್ಬೇಕು."

ಇವನ ಹತ್ತಿರ ಇಂಥವು ಬೇಕಾದಷ್ಟಿವೆ. ದಿವಾಳಿಯಾದವನನ್ನು ನಾವು ಪಾಪರ್ ಅಂತಿದ್ದೆವಲ್ಲ, ಕೋರ್ಟಿನಲ್ಲೂ ಬಡ ಕಕ್ಷಿದಾರನಿಗೆ ಅದೇ ಹೆಸರಿತ್ತಂತೆ. 1976ರಲ್ಲಿ ತೆಗೆದು ಇಂಡಿಜೆಂಟ್ ಅಂತ ಮಾಡಿದರಂತೆ. ಕೇಳೋಕೆ ಮರ್ಯಾದೆಯಾಗಿದೆ, ಜೇಬು ಮಾತ್ರ ಹಾಗೇ ಖಾಲಿ. ಲಾಟ್ರಿ ಹೊಡೀತಿದ್ದೀನಿ ಅನ್ನೋದೂ ಹೋಯಿತು. ಅದೆಂಥ ವಿಚಿತ್ರ ಮಾತು ನೋಡಿ. ಲಾಟರಿ ಹೊಡೆದರೆ ಸಾಹುಕಾರ, ಲಾಟ್ರಿ ಹೊಡೀತಾ ಇದ್ದರೆ ಭಿಕಾರಿ. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ಮಾರಾಟ ನಿಂತ ಮೇಲೆ ಸಾಹುಕಾರರಾಗುವ ಆಸೆಯೂ ಹೋಯಿತು, ಭಿಕಾರಿಗಳಾದಾಗ ಹೇಳಿಕೊಳ್ಳೋ ಮಾತೂ ಹೋಯಿತು.

ಆದರೆ ಮೂರ್ತಿ ಡಕೋಟಾ ಬಿಡಲಿಲ್ಲ. ಎಲ್ಲರೂ ಅವರವರ ಜಾಗದಲ್ಲಿ ಆ ಪದ ಬಳಸಬೇಕು, ಮುಂದಿನ ಭಾನುವಾರ ವರದಿ ಕೊಡಬೇಕು ಅಂತ ತೀರ್ಮಾನವಾಯಿತು. ಗಾಡಿ ಇಲ್ಲದಿದ್ದರೆ ಬೇರೆ ಯಾವುದಕ್ಕಾದರೂ ಅನ್ನಿ, ಹಳೇ ಫೋನಿಗೆ, ಮಿಕ್ಸಿಗೆ, ಭಾವಮೈದುನನಿಗೆ.

ವರದಿಗಳು ಚೆನ್ನಾಗಿರಲಿಲ್ಲ. ವಸು ಸ್ಟಾಫ್ ರೂಮಿನ ಫ್ಯಾನಿಗೆ ಡಕೋಟಾ ಅಂದಳಂತೆ. ಭೂಗೋಳದ ಮೇಡಂ ತಕ್ಷಣ ಅಮೆರಿಕದ ಅದೇ ಹೆಸರಿನ ಎರಡು ರಾಜ್ಯ ನೆನೆದು, "ಉತ್ತರದ್ದೋ ದಕ್ಷಿಣದ್ದೋ?" ಅಂತ ಕೇಳಿದರಂತೆ. ವಕೀಲ ಕೋರ್ಟಿನಲ್ಲಿ ಎದುರಾಳಿಯ ವಾದಕ್ಕೆ ಡಕೋಟಾ ಅನ್ನಬೇಕೆಂದು ಎದ್ದು ನಿಂತ, ಜಡ್ಜ್ ಮುಖ ನೋಡಿ ಕೂತ. ನಾನು ಮನೆಯಲ್ಲಿ ನಮ್ಮ ಗ್ರೈಂಡರಿಗೆ ಅಂದೆ. ಅದು ಹೆಂಡತಿಯ ತವರಿನದು. ಆ ವಿಷಯ ಇಲ್ಲಿಗೇ ಸಾಕು.

ಮೂರ್ತಿ ಆಫೀಸಿನಲ್ಲಿ ಲ್ಯಾಪ್‌ಟಾಪ್ ತಟ್ಟಿ, "ಥೂ, ಡಕೋಟಾ!" ಅಂದನಂತೆ. ಪಕ್ಕದ ಹೊಸ ಹುಡುಗ ಕನಿಕರದಿಂದ ತಿರುಗಿ, "ಡೇಟಾ ಕೋಟಾ ಮುಗೀತಾ ಸರ್? ಹಾಟ್‌ಸ್ಪಾಟ್ ಕೊಡ್ಲಾ?" ಅಂದ.

ನಾವು ಬಿದ್ದು ಬಿದ್ದು ನಕ್ಕೆವು. ವಸು ಮನೆಗೆ ಹೋಗಿ ಮಗಳಿಗೂ ಹೇಳಿದಳು. ಆ ಹುಡುಗಿ ಕಾಲೇಜು ಓದುತ್ತಾಳೆ. ಅಮ್ಮ ಏನು ಹೇಳಿದರೂ ಕ್ರಿಂಜ್ ಅನ್ನುವುದು ಅವಳ ಪದ್ಧತಿ. ಇದಕ್ಕೂ ಅಂದಳು. ಆದರೆ ಅವಳ ಗೆಳತಿಯರ ಗುಂಪಿಗೆ ಆ ಮಾತು ಹೋಯಿತು. ಈಗ ದಿನದ ಡೇಟಾ ಮುಗಿದು ನೆಟ್ ಕುಂಟಿದರೆ ಅವರೆಲ್ಲ ಅನ್ನೋದು, "ಡಕೋಟಾ ಆಯ್ತು ಕಣೇ." ತಿಂಗಳ ಕೊನೆಗೆ ಪಾಕೆಟ್ ಮನಿ ಮುಗಿದರೂ ಡಕೋಟಾ. ರಾತ್ರಿಯೆಲ್ಲ ಓದಿ ತಲೆ ಓಡದಿದ್ದರೆ ಅದೂ ಡಕೋಟಾ. ಅಂದರೆ ಪಾಪರ್, ಲಾಟ್ರಿ ಎರಡರ ಕೆಲಸವನ್ನೂ ಇದೊಂದೇ ಮಾಡುತ್ತಿದೆ.

ಮೂರ್ತಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆವು. ಅವನಿಗೆ ಕೆಂಡದಂಥ ಕೋಪ.

"ಡೇಟಾ ಕೋಟಾ ಅಂತೆ! ಶ್ರೀನಗರಕ್ಕೆ ಹೋದ ವಿಮಾನ ಅದು! ಕರೀ ಆ ಹುಡುಗೀನ, ಪರಶುರಾಮನ ವಿಡಿಯೋ ತೋರಿಸ್ತೀನಿ."

"ಬಾಯಿ ಬಿಟ್ಟೀಯಾ ಜೋಕೆ," ಅಂದಳು ವಸು. "ಅಪ್ಪಂದಿರ ಕಾಲದ ಪದ ಅಂತ ಗೊತ್ತಾದ್ರೆ ನಾಳೆ ಬೆಳಗ್ಗೆ ಒಬ್ಬಳೂ ಅನ್ನಲ್ಲ. ನಿನಗೆ ಪದ ಬೇಕೋ, ಪಾಠ ಹೇಳೋ ಚಟ ತೀರ್ಬೇಕೋ?"

ಮೂರ್ತಿ ಲೋಟ ಎತ್ತಿ ತಳದ ನೊರೆಯನ್ನೂ ಬಿಡದೆ ಕುಡಿದ. ಉತ್ತರ ಕೊಡಲಿಲ್ಲ.

ಅವತ್ತು ಬಿಲ್ಲಿನ ಸರದಿ ವಕೀಲನದು. ಅವನು ಜೇಬು ತಡಕಿ, ಫೋನ್ ನೋಡಿ, ಚಾರ್ಜ್ ಮುಗಿದಿದೆ ಅಂದ. ಹೋದ ಸಲವೂ ಮುಗಿದಿತ್ತು.

"ಲೋ ಫೋರ್ ಟ್ವೆಂಟಿ!" ಅಂದಳು ವಸು.

"ತ್ರೀ ಎಯ್ಟೀನ್," ಅಂದ ವಕೀಲ. "ಇದು ಹೊಸ ಮೋಸ."